ಅರಿಸಿನ ಹಚ್ಚಿದ ಕಾಗದ

ಹಳೆಯ ಮನೆಗಳ ಪಡಸಾಲೆಯಲ್ಲಿ, ಗಡಿಯಾರದ ಪಕ್ಕದಲ್ಲೋ ಬಾಗಿಲ ಮರೆಯಲ್ಲೋ, ತುದಿ ಬಾಗಿದ ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು. ಅಂಚೆಯಲ್ಲಿ ಬಂದ ಕಾಗದಗಳನ್ನು ಓದಿ ಮುಗಿಸಿದ ಮೇಲೆ ಮನೆಯ ಯಜಮಾನರು ಅವನ್ನು ಆ ತಂತಿಗೆ ಚುಚ್ಚಿಬಿಡುತ್ತಿದ್ದರು. ಕಂದಾಯದ ರಸೀದಿ, ಅಳಿಯನ ಕಾರ್ಡು, ಸೊಸೈಟಿಯ ನೋಟೀಸು, ಮೊಮ್ಮಗಳ ಇನ್‌ಲ್ಯಾಂಡ್ ಎಲ್ಲವೂ ಒಂದರ ಮೇಲೊಂದು. ಅಂಥ ತಂತಿಯೊಂದನ್ನು ಇವತ್ತು ಕೆಳಗಿಳಿಸಿ ನೋಡಿದರೆ ಕಂದಿದ ಕಾಗದಗಳ ನಡುವೆ ಅಲ್ಲಲ್ಲಿ ಮೂಲೆಗಳು ಹಳದಿಯಾದ ಹಾಳೆಗಳು ಕಾಣುತ್ತವೆ. ಅವು ಲಗ್ನಪತ್ರಿಕೆಗಳು. ಅರಿಸಿನದ ಬಣ್ಣ ಬಿಸಿಲಿಗೆ ಬಹು ಬೇಗ ಹಾರಿಹೋಗುತ್ತದೆ. ಆದರೆ ಕಾಗದಗಳ ನಡುವೆ ಅಮುಕಿಕೊಂಡು ಕತ್ತಲಲ್ಲಿ ಉಳಿದ ಮೂಲೆಗಳಲ್ಲಿ ಐವತ್ತು ಅರವತ್ತು ವರ್ಷದ ಮೇಲೂ ಯಾರದೋ ಬೆರಳ ಗುರುತು ಹಾಗೇ ಇರುತ್ತದೆ.

ನಮ್ಮ ಭಾಷೆಯಲ್ಲಿ ಪತ್ರವ್ಯವಹಾರದ ಪದಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಬರೆಯುವ ವಸ್ತುವಿನ ಹೆಸರೇ ಬರೆದ ಸುದ್ದಿಗೂ ಹೆಸರು. ಓಲೆ ಎಂದರೆ ತಾಳೆಯ ಗರಿ, ಓಲೆ ಎಂದರೆ ಅದರ ಮೇಲೆ ಬರೆದು ಕಳಿಸಿದ ಸುದ್ದಿಯೂ ಹೌದು. ಪತ್ರ ಎಂದರೆ ಎಲೆ, ಪತ್ರ ಎಂದರೆ ಕಾಗದ. ಆ ಕಾಗದ ಎಂಬ ಮಾತು ಫಾರ್ಸಿಯಿಂದ ಬಂದು ಕನ್ನಡದ್ದೇ ಆಗಿ, ‘ಊರಿಂದ ಕಾಗದ ಬಂತು’ ಎನ್ನುವಾಗ ಹಾಳೆಯನ್ನು ಬಿಟ್ಟು ಒಕ್ಕಣೆಯನ್ನೇ ಸೂಚಿಸುತ್ತದೆ. ಆಮಂತ್ರಣಕ್ಕೆ ಇಂದಿಗೂ ನಾವು ‘ಕರೆಯೋಲೆ’ ಎನ್ನುತ್ತೇವೆ. ತಾಳೆಗರಿಯ ಮೇಲೆ ಬರೆಯುವುದು ಬಿಟ್ಟು ತಲೆಮಾರುಗಳೇ ಕಳೆದರೂ ಓಲೆ ಆ ಪದದೊಳಗೆ ಮಡಿಸಿಕೊಂಡು ಕೂತಿದೆ. ಇದೇ ಓಲೆಯ ತುಂಡನ್ನು ಸುರುಳಿ ಸುತ್ತಿ ಹೆಂಗಸರು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಅದರಿಂದಲೇ ಕಿವಿಯ ಆಭರಣಕ್ಕೆ ಓಲೆ ಎಂಬ ಹೆಸರು, ಮುತ್ತೈದೆತನಕ್ಕೆ ಓಲೆಭಾಗ್ಯ ಎಂಬ ಮಾತು. ಮದುವೆಗೆ ಕರೆಯುವ ಓಲೆ, ಮದುವೆಯಾದವಳ ಓಲೆ ಎರಡೂ ಒಂದೇ ಮರದ್ದು.

ಲಗ್ನಪತ್ರಿಕೆ ಎಂದು ಇಂದು ನಾವು ಕರೆಯುವ ಅಚ್ಚಾದ ಆಮಂತ್ರಣ ಆ ಹೆಸರನ್ನು ಪಡೆದದ್ದು ಇನ್ನೊಂದು ಕಾಗದದಿಂದ. ನಿಶ್ಚಿತಾರ್ಥದ ದಿನ ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಎದುರುಬದುರು ಕೂತಾಗ ಪುರೋಹಿತರು ಪಂಚಾಂಗ ನೋಡಿ, ಲಗ್ನ ಗೊತ್ತುಮಾಡಿ, ಒಂದು ಹಾಳೆಯ ಮೇಲೆ ಬರೆಯುತ್ತಿದ್ದರು. ಸಂವತ್ಸರ, ಮಾಸ, ತಿಥಿ, ವಾರ, ವರನ ಮತ್ತು ಕನ್ಯೆಯ ಹೆಸರು, ಗೋತ್ರ, ತಂದೆ ತಾತಂದಿರ ಹೆಸರು. ಬರೆದದ್ದನ್ನು ಗಟ್ಟಿಯಾಗಿ ಓದಿ, ಅರಿಸಿನ ಕುಂಕುಮ ಹಚ್ಚಿ, ಎರಡು ಪ್ರತಿ ಮಾಡಿ, ತಾಂಬೂಲದ ಜೊತೆ ಬೀಗರು ಬದಲಾಯಿಸಿಕೊಳ್ಳುತ್ತಿದ್ದರು. ಇದು ಆಮಂತ್ರಣವಲ್ಲ, ಒಪ್ಪಂದ. ಮಾತು ಕೊಟ್ಟದ್ದಕ್ಕೆ ನಾಲ್ಕು ಜನರ ಸಮಕ್ಷಮದ ಸಾಕ್ಷಿ. ಈಗಲೂ ಅನೇಕ ಮನೆಗಳಲ್ಲಿ ಈ ಹಾಳೆ ಕೈಬರಹದಲ್ಲೇ ಸಿದ್ಧವಾಗುತ್ತದೆ. ಕಾರ್ಡಿನ ಅಂಗಡಿಗಳಲ್ಲಿ ಖಾಲಿ ಜಾಗ ಬಿಟ್ಟ ಅಚ್ಚಿನ ನಮೂನೆ ಸಿಗುವುದುಂಟು. ಅದರಲ್ಲೂ ಹೆಸರು ತುಂಬುವುದು ಪೆನ್ನಿನಿಂದಲೇ.

ಕರೆಯುವ ಕೆಲಸಕ್ಕಾದರೋ ಹಿಂದೆ ಕಾಗದ ಬೇಕಿರಲಿಲ್ಲ. ಬಾಯಿಮಾತೇ ಕರೆ. ಹಳೇ ಮೈಸೂರಿನ ಕಡೆ ಹೆಂಗಸರು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಕೆಲವೆಡೆ ಅಕ್ಷತೆ ಕೊಟ್ಟು ಕರೆಯುವುದು, ಕೆಲವೆಡೆ ವೀಳ್ಯ ಕೊಟ್ಟು ಕರೆಯುವುದು. ದಕ್ಷಿಣ ಕನ್ನಡದ ಹವ್ಯಕರಲ್ಲಿ ಇದಕ್ಕೆ ‘ಹೇಳಿಕೆ’ ಎಂದೇ ಹೆಸರು. ಮುಂದೆ ಅಚ್ಚಿನ ಪತ್ರಿಕೆ ಬಂದಾಗ ಅದನ್ನು ಅವರು ‘ಹೇಳಿಕೆ ಕಾಗದ’ ಎಂದರು. ಹೇಳುವುದು ಮುಖ್ಯ, ಕಾಗದ ಅದರ ಬೆನ್ನಿಗೆ ಬಂದದ್ದು ಎಂಬುದು ಆ ಪದದಲ್ಲೇ ಸ್ಪಷ್ಟ. ಬರಿಯ ಕಾಗದ ಕಳಿಸಿದರೆ ‘ನಮ್ಮನ್ನು ಯಾರು ಬಂದು ಕರೆದರು?’ ಎಂದು ಮುನಿಸಿಕೊಳ್ಳುವ ಹಿರಿಯರು ಇಂದಿಗೂ ಪ್ರತಿ ಮನೆತನದಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ.

ಕಾಗದ ಅನಿವಾರ್ಯವಾದದ್ದು ಜನ ಚದುರಿದಾಗ. ರೈಲು ಬಂತು, ಸರಕಾರಿ ನೌಕರಿ ಬಂತು, ಮಗ ಬೊಂಬಾಯಿಗೆ, ಅಳಿಯ ಮದರಾಸಿಗೆ ಎಂದಾಯಿತು. 1854ರಲ್ಲಿ ಅಂಚೆ ಇಲಾಖೆ ಇಡೀ ದೇಶಕ್ಕೆ ಒಂದೇ ವ್ಯವಸ್ಥೆಯಾಗಿ ರೂಪುಗೊಂಡಿತು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂತು. ಹತ್ತು ಊರಿಗೆ ಹತ್ತು ಆಳುಗಳನ್ನು ಓಡಿಸುವ ಬದಲು ಹತ್ತು ಕಾರ್ಡು ಬರೆದರೆ ಸಾಕು. ಆ ಕೈಬರಹದ ಕಾರ್ಡಿನ ಒಕ್ಕಣೆಯೇ ಮುಂದೆ ಅಚ್ಚಿಗೆ ಹೋಯಿತು. ಎಷ್ಟೋ ಹಳೆಯ ಲಗ್ನಪತ್ರಿಕೆಗಳು ಇಂದಿನ ಕಾರ್ಡಿನಂತಿರದೆ ಪತ್ರದಂತೆಯೇ ಇರುವುದಕ್ಕೆ ಇದೇ ಕಾರಣ. ‘ಸಾಷ್ಟಾಂಗ ನಮಸ್ಕಾರಗಳು’, ‘ಮಾಡುವ ವಿಜ್ಞಾಪನೆಗಳು’, ‘ಇತ್ತ ಕಡೆ ಎಲ್ಲ ಕ್ಷೇಮ’ ಎಂದೆಲ್ಲ ಮುದ್ರಿಸಿ, ಕೊನೆಯಲ್ಲಿ ಯಜಮಾನರ ಹೆಸರು ಸಹಿಯ ಜಾಗದಲ್ಲಿ ಬರುತ್ತಿತ್ತು.

ಕನ್ನಡಕ್ಕೆ ಅಚ್ಚು ಬಂದದ್ದು ಧರ್ಮಪ್ರಚಾರದ ದಾರಿಯಲ್ಲಿ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಹೀಗೆ ಕಲ್ಲಿನ ಮೇಲೆ. ಬೈಬಲ್ಲು, ಪಠ್ಯಪುಸ್ತಕ, ನಿಘಂಟುಗಳಿಗಾಗಿ ಬಂದ ಈ ಯಂತ್ರ ಮದುವೆಮನೆಗೆ ಹೊಕ್ಕದ್ದು ನಿಧಾನವಾಗಿ. ತಾಲ್ಲೂಕು ಕೇಂದ್ರಗಳಲ್ಲಿ ಸಣ್ಣ ಪ್ರೆಸ್ಸುಗಳು ತೆರೆದವು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ನಾಲ್ಕಾರು ಕೇಸು ಮೊಳೆ, ಒಬ್ಬ ಕಂಪಾಜಿಟರ್, ಗಣಪತಿಯ ಒಂದು ಬ್ಲಾಕು. ಇಷ್ಟಿದ್ದರೆ ಪ್ರೆಸ್ಸು. ಇವು ಬದುಕಿದ್ದು ಬಿಲ್ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು ಮತ್ತು ಲಗ್ನಪತ್ರಿಕೆಗಳಿಂದ.

ಆ ಕಂಪಾಜಿಟರನ ಕೆಲಸವನ್ನು ಇಂದಿನವರಿಗೆ ಸ್ವಲ್ಪ ವಿವರಿಸಿ ಹೇಳಬೇಕು. ಸೀಸದ ಮೊಳೆಗಳು ಮರದ ಕೇಸಿನ ಪುಟ್ಟ ಪುಟ್ಟ ಮನೆಗಳಲ್ಲಿರುತ್ತವೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅದರ ಎರಡು ರೂಪ, ಕೆಲವು ಚಿಹ್ನೆ ಇದ್ದರೆ ಮುಗಿಯಿತು. ಕನ್ನಡಕ್ಕೆ ಅಕ್ಷರ, ಗುಣಿತ, ಒತ್ತು, ಕೊಂಬು, ಎಲ್ಲಕ್ಕೂ ಮನೆ ಬೇಕು. ಕಂಪಾಜಿಟರ್ ಎಡಗೈಯಲ್ಲಿ ಸ್ಟಿಕ್ಕು ಹಿಡಿದು, ಕೇಸನ್ನು ನೋಡದೆಯೇ ಬಲಗೈಯಿಂದ ಮೊಳೆ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳನ್ನು ಜೋಡಿಸುತ್ತ ಹೋಗುತ್ತಿದ್ದ. ಒಂದು ಪತ್ರಿಕೆಯಲ್ಲಿ ಹತ್ತಿಪ್ಪತ್ತು ಶ್ರೀ, ಅಷ್ಟೇ ಶ್ರೀಮತಿ. ವೈಶಾಖದ ಲಗ್ನದ ಕಾಲದಲ್ಲಿ ನಾಲ್ಕು ಮದುವೆಯ ಪತ್ರಿಕೆ ಒಟ್ಟಿಗೆ ಬಂದರೆ ಸಣ್ಣ ಪ್ರೆಸ್ಸಿನ ಗತಿ ಊಹಿಸಿ. ಒಂದು ಪತ್ರಿಕೆ ಮುದ್ರಿಸಿ, ಮೊಳೆ ಬಿಚ್ಚಿ, ಮತ್ತೆ ಮನೆಗಳಿಗೆ ಹಂಚಿ, ಅದೇ ಶ್ರೀಗಳನ್ನು ಇನ್ನೊಂದಕ್ಕೆ ಕೂರಿಸಬೇಕು. ಹೀಗಾಗಿ ಒಂದೂರಿನ ನೂರಾರು ಜೋಡಿಗಳ ಹೆಸರಿನ ಹಿಂದಿನ ಶ್ರೀಕಾರ ಒಂದೇ ಮೊಳೆಯದ್ದು. ಅದರ ತುದಿ ಸವೆದಿದ್ದರೆ ಎಲ್ಲರ ಪತ್ರಿಕೆಯಲ್ಲೂ ಸವೆದೇ ಕಾಣುತ್ತದೆ. ಹಳೆಯ ಪತ್ರಿಕೆಯ ಮೇಲೆ ಬೆರಳಾಡಿಸಿದರೆ ಅಕ್ಷರ ಒತ್ತಿದ ತಗ್ಗು ಸಿಗುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಅದು ಇಲ್ಲ. ಇಂದು ದುಬಾರಿ ಕಾರ್ಡುಗಳಲ್ಲಿ ಅದೇ ತಗ್ಗನ್ನು ಅಲಂಕಾರವೆಂದು ಮತ್ತೆ ಮಾಡಿಸುತ್ತಾರೆ!

ತಪ್ಪುಗಳೂ ಆಗುತ್ತಿದ್ದವು. ನಮ್ಮ ಬಂಧುಗಳೊಬ್ಬರ ಮದುವೆಯ ಪತ್ರಿಕೆಯಲ್ಲಿ ಮುಹೂರ್ತದ ಲಗ್ನ ‘ಮಿಥುನ’ ಎಂಬುದು ‘ಮೀನ’ ಎಂದಾಗಿಬಿಟ್ಟಿತ್ತು. ಮನೆಯ ಮಕ್ಕಳೆಲ್ಲ ಸುತ್ತ ಕೂತು ಐನೂರು ಪತ್ರಿಕೆಯಲ್ಲಿ ಪೆನ್ನಿನಿಂದ ತಿದ್ದಿದರು. ಅಂಥ ಒಂದು ಪ್ರತಿ ನನ್ನ ಬಳಿ ಇದೆ. ಆ ತಿದ್ದುಪಡಿಯ ದುಂಡು ಅಕ್ಷರ ಯಾರದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಪತ್ರಿಕೆಯ ಒಕ್ಕಣೆಗೆ ಇನ್ನೂ ಹಳೆಯ ಬೇರು ಇದೆ. ‘ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪಶಾಲಿವಾಹನ ಶಕೆ’ ಎಂದು ಆರಂಭವಾಗುವ ಸಾಲನ್ನು ಓದುಗರು ನೋಡಿಯೇ ಇರುತ್ತಾರೆ. ವಿಜಯನಗರ ಕಾಲದ ಶಿಲಾಶಾಸನಗಳ ಮುಂದೆ ನಿಂತರೆ ಹೆಚ್ಚುಕಡಿಮೆ ಇದೇ ಸಾಲು ಕಲ್ಲಿನಲ್ಲಿ ಕಾಣುತ್ತದೆ. ಅರಸರು ಭೂಮಿ ದಾನ ಕೊಟ್ಟಾಗ ಕಾಲವನ್ನು ನಮೂದಿಸುತ್ತಿದ್ದ ರೀತಿ ಕನ್ಯಾದಾನದ ಕಾಗದಕ್ಕೆ ಬಂದು ಉಳಿದಿದೆ. ಶಾಸನಕ್ಕೂ ಲಗ್ನಪತ್ರಿಕೆಗೂ ಬೇಕಾದದ್ದು ಒಂದೇ: ಯಾವಾಗ, ಎಲ್ಲಿ, ಯಾರು, ಯಾರ ಸಾಕ್ಷಿಯಲ್ಲಿ. ಹಾಗಾಗಿಯೇ ವಂಶವೃಕ್ಷ ಬರೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗುವುದು ಕಷ್ಟ. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಬರಿಯ ಹೇವಿಳಂಬಿ ಎಂದಿದ್ದರೆ ಅದು 1957ರದ್ದೂ ಆಗಬಹುದು, 2017ರದ್ದೂ ಆಗಬಹುದು. ಜೊತೆಗೆ ಶಕೆ 1879 ಎಂದಿದ್ದರೆ ಅನುಮಾನವಿಲ್ಲ.

ದೇವರ ಹೆಸರಿನ ಸಾಲು ಆ ಮನೆಯ ಪರಂಪರೆಯನ್ನು ಹೇಳಿಬಿಡುತ್ತದೆ. ವೆಂಕಟೇಶ ಪ್ರಸನ್ನನೋ, ಮಂಜುನಾಥ ಪ್ರಸನ್ನನೋ, ಗುರು ಬಸವಲಿಂಗಾಯ ನಮಃ ಎಂದೋ. ಕಲಬುರಗಿ, ಬೀದರ ಭಾಗದ ಮುಸ್ಲಿಂ ಮನೆಗಳಲ್ಲಿ ಪತ್ರಿಕೆಗೆ ‘ರುಖಾ’ ಎಂದು ಹೆಸರು. ಉರ್ದುವಿನ ನಸ್ತಾಲೀಖ್ ಬರಹ ಸೀಸದ ಮೊಳೆಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಆದ್ದರಿಂದ ಕಾತಿಬರು ಕೈಯಿಂದ ಬರೆದದ್ದನ್ನೇ ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಹೈದರಾಬಾದಿನ ಛತ್ತಾ ಬಜಾರು ಇದಕ್ಕೆ ಹೆಸರುವಾಸಿ. ಕನ್ನಡದ ಪತ್ರಿಕೆ ಕೈಬರಹವನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೂ ಉರ್ದು ಪತ್ರಿಕೆ ಒಬ್ಬ ಬರಹಗಾರನ ಕೈಯಿಂದಲೇ ಹುಟ್ಟುತ್ತಿತ್ತು.

ಇನ್ನು ಹೆಸರುಗಳ ವಿಷಯ. ಪತ್ರಿಕೆಯಲ್ಲಿ ಯಾರ ಹೆಸರಿದೆ ಎನ್ನುವುದಕ್ಕಿಂತ ಯಾರ ಹೆಸರಿಲ್ಲ ಎಂಬುದು ಹೆಚ್ಚು ಹೇಳುತ್ತದೆ. ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಂತೆಂದು, ಸೋದರಮಾವನ ಹೆಸರು ಬಿಟ್ಟುಹೋಯಿತೆಂದು ಮದುವೆಗೇ ಬಾರದವರ ಕಥೆ ಎಲ್ಲ ಮನೆಯಲ್ಲೂ ಇದೆ. ಅವು ನಗುವ ಕಥೆಗಳಾದವು. ನಗಲಾಗದ್ದೂ ಒಂದಿದೆ. ತಂದೆ ತೀರಿಹೋದ ಹುಡುಗಿಯ ಪತ್ರಿಕೆಯನ್ನು ನೋಡಿ. ‘ದಿ.’ ಎಂಬ ಅಕ್ಷರದೊಂದಿಗೆ ತಂದೆಯ ಹೆಸರು ಇರುತ್ತದೆ. ಆಮಂತ್ರಿಸುವವರ ಜಾಗದಲ್ಲಿ ಅಣ್ಣನೋ ದೊಡ್ಡಪ್ಪನೋ ಇರುತ್ತಾರೆ. ಅವಳನ್ನು ಹೆತ್ತು, ಸಾಕಿ, ಓದಿಸಿ, ಆ ಮದುವೆಗಾಗಿ ಒಡವೆ ಅಡವಿಟ್ಟ ತಾಯಿಯ ಹೆಸರು ಎಲ್ಲಿಯೂ ಇರುವುದಿಲ್ಲ. ವಿಧವೆಯ ಹೆಸರು ಶುಭಪತ್ರಿಕೆಯಲ್ಲಿ ಬರಕೂಡದೆಂಬುದು ಬಹಳ ಮನೆಗಳ ಅಲಿಖಿತ ನಿಯಮವಾಗಿತ್ತು. ಸತ್ತವರ ಹೆಸರಿಗೆ ಇಲ್ಲದ ಮೈಲಿಗೆ ಬದುಕಿದ್ದವಳ ಹೆಸರಿಗೆ! ಈ ನಿಯಮ ಮುರಿದದ್ದು ಯಾವ ಕಾನೂನಿನಿಂದಲೂ ಅಲ್ಲ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವಾಗ ‘ಅಮ್ಮನ ಹೆಸರು ಹಾಕಿ, ಇಲ್ಲದಿದ್ದರೆ ಪತ್ರಿಕೆಯೇ ಬೇಡ’ ಎಂದು ಹಟ ಹಿಡಿದ ಮಕ್ಕಳಿಂದ. ಈಗಲೂ ಎಲ್ಲ ಕಡೆ ಮುರಿದಿದೆ ಎಂದು ಹೇಳಲಾರೆ.

ಇದೇ ಬಗೆಯ ಇನ್ನೊಂದು ಬದಲಾವಣೆ ಕುವೆಂಪು ಅವರ ಮಂತ್ರಮಾಂಗಲ್ಯದಿಂದ ಬಂತು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಈ ಸರಳ ಕ್ರಮದಲ್ಲಿ ನಡೆಯಿತು. ಪುರೋಹಿತರಿಲ್ಲದ, ಮುಹೂರ್ತದ ಹಂಗಿಲ್ಲದ ಮದುವೆಗಳು ಆಮೇಲೆ ನಾಡಿನಲ್ಲಿ ಅಲ್ಲಲ್ಲಿ ಆದಂತೆ ಪತ್ರಿಕೆಯ ಭಾಷೆಯೂ ಹಗುರಾಯಿತು. ಸಂವತ್ಸರ ಹೋಗಿ ತಾರೀಖು ಮಾತ್ರ ಉಳಿಯಿತು, ‘ಗುರುಹಿರಿಯರು ನಿಶ್ಚಯಿಸಿದಂತೆ’ ಎಂಬುದು ಹೋಗಿ ‘ನಾವು ಮದುವೆಯಾಗುತ್ತಿದ್ದೇವೆ’ ಎಂಬ ಮಾತು ಬಂತು. ಕರೆಯುವವರ ಜಾಗದಲ್ಲಿ ಮದುವೆಯಾಗುವವರೇ ನಿಂತರು.

ಮದುವೆಯ ಮತ್ತೊಂದು ಕಾಗದವನ್ನು ಈಗಿನವರು ಕಂಡಿರಲಾರರು. ಧಾರವಾಡ, ಬೆಳಗಾವಿಯ ಕಡೆ ವರನ ಗೆಳೆಯರೋ ಮಾಸ್ತರರೋ ವಧೂವರರ ಹೆಸರು ಹೆಣೆದು ಮಂಗಳಾಷ್ಟಕ ರಚಿಸಿ, ಗುಲಾಬಿ ಅಥವಾ ಹಳದಿ ಕಾಗದದಲ್ಲಿ ಅಚ್ಚು ಹಾಕಿಸಿ, ಅಕ್ಷತೆಯ ಹೊತ್ತಿಗೆ ಹಂಚುತ್ತಿದ್ದರು. ಉಳಿದ ಕಡೆಯೂ ಶುಭಾಶಯದ ಪದ್ಯಗಳನ್ನು ಅಚ್ಚು ಹಾಕಿಸಿ, ಗಾಜಿನ ಚೌಕಟ್ಟು ಕಟ್ಟಿಸಿ, ವೇದಿಕೆಯ ಮೇಲೆ ಓದಿ ಕೊಡುವ ರೂಢಿಯಿತ್ತು. ಕಾವ್ಯವಾಗಿ ಅವು ಅಷ್ಟಕ್ಕಷ್ಟೆ. ಪ್ರಾಸಕ್ಕಾಗಿ ಬೀಗರ ಊರನ್ನೇ ಎಳೆದು ಹಿಗ್ಗಿಸಿದವರುಂಟು. ಆದರೆ ಒಬ್ಬ ಗೆಳೆಯ ನಾಲ್ಕು ರಾತ್ರಿ ಕೂತು ನಿಮ್ಮ ಹೆಸರಿಗೆ ಪ್ರಾಸ ಹುಡುಕಿದ್ದಾನೆ ಎಂಬುದು ಸಣ್ಣ ಮಾತಲ್ಲ. ಆ ಚೌಕಟ್ಟುಗಳು ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿ, ದಂಪತಿ ಮುದುಕರಾಗುವವರೆಗೂ ತೂಗುತ್ತಿದ್ದವು.

ಅಚ್ಚಾಗಿ ಬಂದ ಪತ್ರಿಕೆಯ ಕಟ್ಟು ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಮೊದಲ ಪ್ರತಿ ಮನೆದೇವರ ಮುಂದೆ. ಆಮೇಲೆ ಬಟ್ಟಲಲ್ಲಿ ಅರಿಸಿನ ಕಲಸಿಟ್ಟು ಮಕ್ಕಳನ್ನು ಕೂರಿಸುವುದು. ನಾಲ್ಕು ಮೂಲೆಗೂ ಹಚ್ಚಬೇಕು, ಅಕ್ಷರಕ್ಕೆ ತಾಗಬಾರದು, ಒಣಗುವ ಮೊದಲು ಒಂದರ ಮೇಲೊಂದು ಇಡಬಾರದು. ಮನೆಯಲ್ಲಿ ಯಾರ ಅಕ್ಷರ ಚೆಂದವೋ ಅವರು ವಿಳಾಸ ಬರೆಯಬೇಕು. ಯಾರಿಗೆಲ್ಲ ಕಳಿಸಬೇಕು ಎಂಬ ಪಟ್ಟಿಗೆ ಆಧಾರ ಹಿಂದಿನ ಮದುವೆಯ ಮುಯ್ಯಿ ಪುಸ್ತಕ. ಯಾರು ಎಷ್ಟು ಮುಯ್ಯಿ ಮಾಡಿದ್ದರು, ಯಾರು ಬಂದಿರಲಿಲ್ಲ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಹೆಸರಿನ ಮುಂದೆ ‘ಸಕುಟುಂಬ’ ಎಂದು ಬರೆದರೆ ಒಂದು ಅರ್ಥ, ಬಿಟ್ಟರೆ ಇನ್ನೊಂದು. ಲಕೋಟೆಯ ಬಾಯಿ ಅಂಟಿಸದೆ ಒಳಗೆ ಸಿಕ್ಕಿಸಿ, ಮೇಲೆ ಬುಕ್ ಪೋಸ್ಟ್ ಎಂದು ಬರೆದರೆ ಅಂಚೆ ದರ ಕಡಿಮೆ. ಹಾಗಾಗಿ ಪೋಸ್ಟ್‌ಮನ್‌ನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಪತ್ರಿಕೆ ಓದುತ್ತಿದ್ದರು, ಅದರಿಂದ ಯಾರಿಗೂ ಬೇಸರವಿರಲಿಲ್ಲ. ಬರಲಾಗದವರಿಂದ ಶುಭಾಶಯದ ತಂತಿ ಬರುತ್ತಿತ್ತು. ತಂತಿ ಇಲಾಖೆ ಶುಭಾಶಯಗಳಿಗೆ ನಂಬರು ಕೊಟ್ಟಿತ್ತು, ನಂಬರು ಹೇಳಿದರೆ ಸಾಕು. 2013ರಲ್ಲಿ ತಂತಿ ಸೇವೆಯೇ ನಿಂತುಹೋಯಿತು.

ಅರಿಸಿನಕ್ಕೆ ಎದುರಾಗಿ ಕಪ್ಪು. ವೈಕುಂಠ ಸಮಾರಾಧನೆಯ, ಶಿವಗಣಾರಾಧನೆಯ ಕಾರ್ಡುಗಳೂ ಅದೇ ಪ್ರೆಸ್ಸಿನಲ್ಲಿ, ಅದೇ ಮೊಳೆಗಳಿಂದ ಅಚ್ಚಾಗುತ್ತಿದ್ದವು. ಬಣ್ಣ ಕಪ್ಪು, ಅರಿಸಿನವಿಲ್ಲ. ಓದಿದ ಕೂಡಲೇ ಹರಿದು ಹಾಕಬೇಕು, ತಂತಿಗೆ ಚುಚ್ಚುವಂತಿಲ್ಲ. ಇದರ ಫಲವಾಗಿ ನಮ್ಮ ಮನೆಗಳಲ್ಲಿ ಮದುವೆಯ ತಾರೀಖುಗಳು ಉಳಿದಷ್ಟು ಸಾವಿನ ತಾರೀಖುಗಳು ಉಳಿದಿಲ್ಲ.

ಬಣ್ಣದ ಕಾರ್ಡುಗಳು ಬಂದದ್ದು ಬಹುಮಟ್ಟಿಗೆ ತಮಿಳುನಾಡಿನ ಶಿವಕಾಶಿಯಿಂದ. 1920ರ ದಶಕದಲ್ಲಿ ಅಲ್ಲಿ ಬೆಂಕಿಪೊಟ್ಟಣದ ಉದ್ಯಮ ಬೇರೂರಿತು. ಪೊಟ್ಟಣಕ್ಕೆ, ಪಟಾಕಿಗೆ ಬಣ್ಣದ ಚೀಟಿ ಬೇಕಿತ್ತು, ಚೀಟಿಗಾಗಿ ಮುದ್ರಣ ಬಂತು, ಮುದ್ರಣ ಬಂದ ಮೇಲೆ ಕ್ಯಾಲೆಂಡರು, ಅದರ ಹಿಂದೆಯೇ ಮದುವೆ ಕಾರ್ಡು. ಮುಖದ ಮೇಲೆ ಗಣಪತಿ, ಒಳಗೆ ಖಾಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಆಲ್ಬಂ ತಿರುವಿ ಆರಿಸಿಕೊಂಡು, ಒಳಗಿನ ವಿಷಯವನ್ನು ಸ್ಕ್ರೀನ್ ಪ್ರಿಂಟ್ ಮಾಡಿಸುವುದು 80, 90ರ ದಶಕಗಳ ಕ್ರಮವಾಯಿತು. ಕಂಪ್ಯೂಟರು ಬಂದು ಸೀಸದ ಮೊಳೆಗಳು ತೂಕಕ್ಕೆ ಮಾರಾಟವಾದವು. ಅತಿರೇಕವೂ ಆಯಿತು. 2016ರ ನವೆಂಬರಿನಲ್ಲಿ ನಡೆದ ಮಾಜಿ ಸಚಿವ ಜಿ. ಜನಾರ್ದನ ರೆಡ್ಡಿಯವರ ಮಗಳ ಮದುವೆಯ ಆಮಂತ್ರಣ ಒಂದು ಪೆಟ್ಟಿಗೆಯಾಗಿತ್ತು. ಮುಚ್ಚಳ ತೆರೆದರೆ ಪುಟ್ಟ ತೆರೆಯ ಮೇಲೆ ವಿಡಿಯೊ ಓಡುತ್ತಿತ್ತು. ಅದಕ್ಕೆ ಅರಿಸಿನ ಹಚ್ಚುವುದು ಎಲ್ಲಿಗೆ?

ಮತ್ತೊಂದು ಕೊನೆಯಲ್ಲಿ ಕೈಕಾಗದ ಮರಳಿ ಬಂದಿದೆ. ರಾಜಸ್ಥಾನದ ಸಾಂಗಾನೇರಿನ, ದೌಲತಾಬಾದ್ ಬಳಿಯ ಕಾಗಜೀಪುರದ ಕುಶಲಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಇದು. ಗಿರಣಿಯ ಕಾಗದದ ಮುಂದೆ ಸೊರಗುತ್ತಿದ್ದಾಗ, 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಆರಂಭಿಸಿದ ಗ್ರಾಮೋದ್ಯೋಗ ಸಂಘ, ಜೆ.ಸಿ. ಕುಮಾರಪ್ಪನವರ ಮುಂದಾಳುತನದಲ್ಲಿ ಅದಕ್ಕೆ ಜೀವ ತುಂಬಿತು. ಬನಿಯನ್ ಕಾರ್ಖಾನೆಗಳ ಹತ್ತಿಬಟ್ಟೆಯ ಚೂರುಗಳನ್ನು ನೆನೆಸಿ, ಅರೆದು, ಆ ತೆಳುಗಂಜಿಯಲ್ಲಿ ಜಾಲರಿಯ ಚೌಕಟ್ಟನ್ನು ಅದ್ದಿ ಎತ್ತಿ, ಹಾಳೆಯನ್ನು ಬಟ್ಟೆಯ ಮೇಲೆ ಮಗುಚಿ, ನೀರು ಹಿಂಡಿ, ಒಗೆದ ಬಟ್ಟೆಯಂತೆ ಹಗ್ಗಕ್ಕೆ ತೂಗುಹಾಕಿ ಒಣಗಿಸುತ್ತಾರೆ. ಅಂಚು ಒರಟು, ಎರಡು ಹಾಳೆ ಒಂದೇ ತರಹ ಇರುವುದಿಲ್ಲ. ಹೂವಿನ ಎಸಳು ಬೆರೆಸಿದ್ದು, ಮಣ್ಣಿನಲ್ಲಿ ಹೂತರೆ ಮೊಳೆಯುವ ಬೀಜ ಬೆರೆಸಿದ್ದು ಈಗಿನ ಹೊಸತು. ಮರವನ್ನು ಅರೆದ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಹತ್ತಿಯ ಕಾಗದ ಬಹುಕಾಲ ಬಾಳುತ್ತದೆ. ಬರಿಯ ಶೋಕಿಗಿಂತ ಹೆಚ್ಚಿನ ಕಾರಣ ಇದಕ್ಕಿದೆ ಎಂದು ನನಗನ್ನಿಸುತ್ತದೆ.

2020ರಲ್ಲಿ ಸೋಂಕಿನ ಕಾರಣ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಪತ್ರಿಕೆ ಮೊಬೈಲಿಗೆ ಇಳಿಯಿತು, ಆಮೇಲೂ ಬಹುಪಾಲು ಅಲ್ಲೇ ಉಳಿಯಿತು. ಹಾಗಿದ್ದೂ ಒಂದಿಷ್ಟು ಅಚ್ಚು ಹಾಕಿಸುವವರಿದ್ದಾರೆ. ಮನೆದೇವರಿಗೆ ಒಂದು, ಮಠಕ್ಕೆ ಒಂದು, ಮನೆಗೇ ಬಂದು ಕರೆಯಬೇಕೆನ್ನುವ ಹಿರಿಯರಿಗೆ ಒಂದಷ್ಟು.

ಹಳೆಯ ಪತ್ರಿಕೆಗಳು ಮನೆಯಲ್ಲಿದ್ದವರು ಅವಕ್ಕೆ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಎರಡೂ ಕಾಗದವನ್ನು ಕೆಡಿಸುತ್ತವೆ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕತ್ತಲೆಯಲ್ಲಿಡಿ. ತಂತಿ ತುಕ್ಕು ಹಿಡಿದಿದ್ದರೆ ನಿಧಾನವಾಗಿ ಬಿಡಿಸಿ. ಮನೆಯಲ್ಲಿ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಆಮಂತ್ರಿಸುವವರ ಪಟ್ಟಿಯಲ್ಲಿರುವವರು ಯಾರು ಯಾರೆಂದು ಪೆನ್ಸಿಲ್ಲಿನಲ್ಲಿ ಹಿಂಬದಿಗೆ ಬರೆದಿಡಿ. ಪಟ್ಟಿಯಲ್ಲಿ ಬಿಟ್ಟುಹೋದ ತಾಯಿಯ ಹೆಸರನ್ನೂ.